ಮನೆ ಪರವಾಗಿ ಹೋದವನು

ತೆರಕಣಾಂಬಿಯಿಂದ ಎರಡು ಮೈಲಿ ಒಳಗಿರುವ ಆ ಊರಿನಲ್ಲಿ ರಾಜಶೇಖರನಿಗೆ ಒಂದು ಕೆಲಸವಿತ್ತು. ಯಾರೂ ಕೊಟ್ಟದ್ದಲ್ಲ, ಅದಕ್ಕೊಂದು ಹೆಸರೂ ಇರಲಿಲ್ಲ. ಮನೆ ಪರವಾಗಿ ಹೋಗಿಬರುವುದು. ಕೆರೆ ಏರಿ ಕುಸಿದಿದೆ, ಮನೆಗೊಬ್ಬರು ಬನ್ನಿ ಎಂದರೆ ಅವನೇ. ನೆಂಟರ ಪೈಕಿ ಯಾರೋ ತೀರಿಕೊಂಡರು ಎಂದರೆ ಮಣ್ಣಿಗೆ ಅವನೇ. ಹಾಲಿನ ಡೈರಿಯ ಸಭೆ, ಮಠದ ದಾಸೋಹದಲ್ಲಿ ಬಡಿಸುವ ಸರದಿ, ಗುಂಡ್ಲುಪೇಟೆ ಛತ್ರದಲ್ಲಿ ಗುರುತೂ ಇಲ್ಲದವರ ಮದುವೆ, ಎಲ್ಲಕ್ಕೂ ಅವನೇ. ಆ ಊರಿನಲ್ಲಿ ಜನರನ್ನು ತಲೆಯಿಂದ ಎಣಿಸುವ ಪದ್ಧತಿಯಿಲ್ಲ, ಮನೆಯಿಂದ ಎಣಿಸುತ್ತಾರೆ. ಒಬ್ಬ ಹೋಗಿ ಮುಖ ತೋರಿಸಿದರೆ ಮನೆಯೇ ಹೋದ ಹಾಗೆ. ಯಾವನೂ ತಪ್ಪು ಹುಡುಕುವುದಿಲ್ಲ.

ಇದು ಶುರುವಾದದ್ದು ಅವನ ಹದಿನಾರನೆಯ ವಯಸ್ಸಿನಲ್ಲಿ. ಅಪ್ಪ ಹೋಗಿ ಆಗಲೇ ಏಳು ವರ್ಷ. ಅಣ್ಣ ನೀಲಕಂಠಸ್ವಾಮಿ ಹನ್ನೆರಡು ವರ್ಷ ದೊಡ್ಡವನು, ಅಪ್ಪನ ಜಾಗದಲ್ಲಿ ನಿಂತು ತಮ್ಮನನ್ನು ಸಾಕಿದವನು. ಅವನಿಗೆ ಜಮೀನು ಬಿಟ್ಟು ಕದಲುವುದೆಂದರೆ ಆಗದ ಮಾತು. ನಾಲ್ಕು ಜನರ ಮಧ್ಯೆ ಕೂರಿಸಿದರೆ ಕೈ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುವ ಮನುಷ್ಯ, ಅದೇ ಅರಿಸಿನದ ಪಾತಿಯ ನಡುವೆ ನಿಲ್ಲಿಸಿದರೆ ರಾಜ. ಹಾಗಾಗಿ ಒಳಗಿನದು ಅಣ್ಣನಿಗೆ, ಹೊರಗಿನದು ತಮ್ಮನಿಗೆ ಎಂದು ತಾನಾಗಿಯೇ ಆಯಿತು. ಮುಂದೆ ರಾಜಶೇಖರ ಒಂದು ಲಗೇಜ್ ಆಟೋ ತೆಗೆದುಕೊಂಡು ಮನೆಯ ಬೀನ್ಸು, ಸಣ್ಣ ಈರುಳ್ಳಿಯನ್ನು ಗುಂಡ್ಲುಪೇಟೆ ಮಂಡಿಗೆ ಹೊಡೆಯಲು ತೊಡಗಿದ ಮೇಲಂತೂ ಹೊರಗಿನ ಲೋಕ ಪೂರ್ತಿ ಅವನದಾಯಿತು. ಅವನು ಬಂದು ಏನು ಹೇಳಿದರೂ ಅಣ್ಣನಿಗೆ ಅದೇ ಸರಿ. ಹೊಸ ಬಿತ್ತನೆ ಬಂದಿದೆಯಂತೆ ಎಂದರೆ ಅದನ್ನೇ ಹಾಕಿದ. ಇಲ್ಲಿ ಸಹಿ ಮಾಡಬೇಕಂತೆ ಎಂದರೆ ಓದದೆ ಮಾಡಿದ. ಈ ಭಾಗ್ಯ ಎಷ್ಟು ಜನ ತಮ್ಮಂದಿರಿಗಿದೆ ಹೇಳಿ.

ಎರಡು ವರ್ಷದ ಹಿಂದಿನ ಮಾತು. ತೆರಕಣಾಂಬಿಯ ಸಮುದಾಯ ಭವನದಲ್ಲಿ ಗಂಡಸರಿಗೆ ಕ್ಯಾನ್ಸರ್ ತಪಾಸಣೆಯ ಶಿಬಿರ ನಡೆಯುತ್ತದೆ, ಎರಡು ದಿನ ಇರುತ್ತದೆ ಎಂದು ಆಶಾ ಕಾರ್ಯಕರ್ತೆ ಮಲ್ಲಮ್ಮ ಊರಿಗೆ ಬಂದು ಹೇಳಿದಳು. ಮೂವತ್ತು ದಾಟಿದ ಗಂಡಸರೆಲ್ಲ ಬರಬೇಕು ಎಂದೇ ಅವಳು ಹೇಳಿದ್ದು. ಅದನ್ನು ಊರಿನ ಯಜಮಾನರಿಗೆ ಒಪ್ಪಿಸಿ ಮುಂದಿನ ಊರಿಗೆ ಹೋದಳು. ಯಜಮಾನರು ಮೈಕ್ ಹಿಡಿದವರೇ, ಐವತ್ತು ವರ್ಷದಿಂದ ನಾಲಗೆಗೆ ರೂಢಿಯಾದ ಮಾತನ್ನೇ ಆಡಿದರು. ನಾಳೆ ಬೆಳಗ್ಗೆ ಹತ್ತು ಗಂಟೆಗೆ ಮನೆಗೊಬ್ಬ ಗಂಡಾಳು ಹೋಗತಕ್ಕದ್ದು, ತಪ್ಪಿಸಿದರೆ ಊರಿಗೆ ಅವಮಾನ. ಅಲ್ಲಿಗೆ ಮುಗಿಯಿತು. ಯಾರೊಬ್ಬನಿಗೂ ಅದರಲ್ಲಿ ಅಸಂಬದ್ಧ ಕಾಣಲಿಲ್ಲ. ಮಾರನೆಯ ದಿನ ಮೂವತ್ತೆಂಟು ಮನೆಯಿಂದ ಮೂವತ್ತೆಂಟು ಜನ ಹೊರಟರು. ಎಲ್ಲರೂ ಯಾವಾಗಲೂ ಹೋಗುವವರೇ. ಗಟ್ಟಿಮುಟ್ಟಾಗಿರುವ, ಬಿಡುವಿರುವ, ಬೈಕಿರುವ ಜನ. ಯಾರನ್ನು ನೋಡಬೇಕಿತ್ತೋ ಅವರೆಲ್ಲ ಹೊಲದಲ್ಲಿದ್ದರು.

ರಾಜಶೇಖರನ ಸರದಿ ಬಂದಾಗ ತೇಜಸ್ವಿನಿ ಎಂಬ ನರ್ಸು ವಯಸ್ಸು ಕೇಳಿದಳು. ನಲವತ್ತನಾಲ್ಕು ಎಂದ. ಬಾಯಿ ತೆರೆಸಿ ಟಾರ್ಚ್ ಬಿಟ್ಟು ಕೆನ್ನೆಯ ಒಳಗೆಲ್ಲ ನೋಡಿ, ಸದ್ಯಕ್ಕೆ ಏನೂ ಇಲ್ಲ, ಆದರೆ ಎಲೆಯಡಿಕೆಯ ಜೊತೆಗಿನ ಕಡ್ಡಿಪುಡಿ ತಂಬಾಕನ್ನು ಇವತ್ತೇ ಬಿಡಿ ಎಂದಳು. ರಕ್ತ ತೆಗೆಯುವುದಿಲ್ಲವೇ ಎಂದು ಇವನೇ ಕೇಳಿದ. ಅದು ಐವತ್ತು ದಾಟಿದವರಿಗೆ, ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿಯದು, ನಿಮಗೆ ಇನ್ನೂ ಸಮಯವಿದೆ ಎಂದವಳು, ಮನೆಯಲ್ಲಿ ಆ ವಯಸ್ಸಿನವರಿದ್ದಾರೆಯೇ ಎಂದು ವಿಚಾರಿಸಿದಳು. ಅಣ್ಣನಿಗೆ ಐವತ್ತಾರು ಎಂದ. ಹಾಗಾದರೆ ನಾಳೆ ಸಂಜೆಯೊಳಗೆ ಕರೆದುಕೊಂಡು ಬನ್ನಿ ಎಂದಳು. ಇವನಿಗೆ ಅದು ವಿಚಿತ್ರವಾಗಿ ಕಂಡಿತು.

"ನಾನೇ ಬಂದಿವ್ನಲ್ಲ ಮೇಡಂ. ನಮ್ಮನೇದು ಆಯ್ತಲ್ಲ."

ನರ್ಸು ಪೆನ್ನು ಕೆಳಗಿಟ್ಟು ಅವನ ಮುಖ ನೋಡಿದಳು. "ನಿಮ್ಮ ಬಾಯಿ ನೋಡಿದ್ರೆ ನಿಮ್ಮಣ್ಣನ ರಕ್ತದಲ್ಲಿ ಏನಿದೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು ಸಾರ್?"

ಹಿಂದಿನ ಬೆಂಚಿನಲ್ಲಿದ್ದವರು ಗೊಳ್ಳೆಂದು ನಕ್ಕರು. ನಕ್ಕವರೂ ಮನೆ ಪರವಾಗಿಯೇ ಬಂದವರು, ಅದು ಬೇರೆ ಮಾತು. ಆದರೆ ರಾಜಶೇಖರನ ಕಿವಿ ಬಿಸಿಯಾಯಿತು. ಇಪ್ಪತ್ತೆಂಟು ವರ್ಷ ಎಲ್ಲೆಲ್ಲಿಗೋ ಹೋಗಿ ಬಂದವನು, ಎಲ್ಲಿಯೂ ಯಾರೂ ನೀನು ಬಂದದ್ದು ಸಾಲದು ಎಂದಿರಲಿಲ್ಲ. ಚೀಟಿ ತೆಗೆದುಕೊಂಡು, ಆಯಿತು ಎಂದು ತಲೆಯಾಡಿಸಿ ಎದ್ದು ಬಂದ.

ಮನೆಗೆ ಬರುವ ಹೊತ್ತಿಗೆ ಅಣ್ಣ ಜಗಲಿಯ ಮೇಲೆ ಕೂತಿದ್ದ. ಅವನು ಹೊತ್ತು ಮುಳುಗುವ ಮೊದಲು ಮನೆಯಲ್ಲಿ ಕಂಡದ್ದೇ ಅಪರೂಪ, ಅದನ್ನು ರಾಜಶೇಖರ ಆಗ ಗಮನಿಸಲಿಲ್ಲ. ಅಣ್ಣ ಅದೂ ಇದೂ ಕೇಳಿದ. ಜನ ಎಷ್ಟಿದ್ದರು, ಊಟ ಕೊಟ್ಟರೇ ಎಂದು. ಆಮೇಲೆ ಕಾಲ ಹೆಬ್ಬೆರಳನ್ನು ನೋಡಿಕೊಂಡು ಕೇಳಿದ.

"ಐವತ್ತು ದಾಟ್ದೋರ್ಗೆ ಏನಾರ ಅಂದ್ರಾ?"

"ಏನೂ ಇಲ್ಲ ಕಣಣ್ಣ. ನಮ್ಮನೇದು ಎಲ್ಲ ಸರಿಯಾಗದಂತೆ."

ಏಕೆ ಹಾಗೆಂದ? ಮಾರನೆಯ ದಿನ ಗುಂಡ್ಲುಪೇಟೆಯಲ್ಲೊಂದು ಮದುವೆಯಿತ್ತು, ಅದಕ್ಕೂ ಮನೆ ಪರವಾಗಿ ಇವನೇ ಹೋಗಬೇಕಿತ್ತು. ಅಣ್ಣನನ್ನು ಕರೆದೊಯ್ಯುವವರು ಯಾರು ಎಂಬುದೊಂದು. ಆ ನಗು ಇನ್ನೂ ಕಿವಿಯಲ್ಲಿತ್ತು ಎಂಬುದೊಂದು. ನಾನು ಹೋದದ್ದು ದಂಡವಾಯಿತು, ನೀನೇ ಹೋಗಬೇಕಂತೆ ಎನ್ನಲು ಬಾಯಿ ಬರಲಿಲ್ಲ ಎಂಬುದು ಇನ್ನೊಂದು. ಇಷ್ಟು ಚಿಲ್ಲರೆ ಕಾರಣಗಳು. ಅಣ್ಣ ಹೂಂ ಎಂದು ಎದ್ದು ಕೈಕಾಲು ತೊಳೆಯಲು ಹೋದ.

ಅಣ್ಣ ಆಗಲೇ ರಾತ್ರಿ ನಾಲ್ಕು ಸಲ ಹಿತ್ತಿಲಿಗೆ ಎದ್ದು ಹೋಗುತ್ತಿದ್ದ. ಅದನ್ನು ಹೆಂಡತಿ ಗಂಗಾಂಬಿಕೆಗೂ ಹೇಳಿರಲಿಲ್ಲ. ಹೇಳಿಕೊಳ್ಳುವ ಜಾಗದ ಕಾಯಿಲೆಯೇ ಅದು, ನೀವೇ ಹೇಳಿ. ತಮ್ಮ ಶಿಬಿರಕ್ಕೆ ಹೋಗಿ ಬಂದ, ಮನೆಯದು ಎಲ್ಲ ಸರಿಯಾಗಿದೆಯಂತೆ ಎಂದ, ಅಲ್ಲಿಗೆ ಅವನೂ ನಿಶ್ಚಿಂತನಾದ. ವಯಸ್ಸಾಯಿತು, ಎಲ್ಲರಿಗೂ ಹೀಗೇ ಆಗುತ್ತದೆ ಎಂದುಕೊಂಡು ಎರಡು ವರ್ಷ ತಳ್ಳಿದ.

ಮೊದಲು ಸೊಂಟ ಹಿಡಿಯಿತು. ಟಿಲ್ಲರ್ ಹಿಡಿದು ಹಿಡಿದು ಹಾಗಾಗಿದೆ ಎಂದು ಎಣ್ಣೆ ತಿಕ್ಕಿಸಿಕೊಂಡ. ಬಿಸಿನೀರು ಹಾಕಿಸಿಕೊಂಡ. ಆಮೇಲೆ ತೊಡೆಗಿಳಿಯಿತು. ಒಂದು ಬೆಳಗ್ಗೆ ಹಾಸಿಗೆಯಿಂದ ಏಳಲು ಆಗಲಿಲ್ಲ. ಬದನಗುಪ್ಪೆಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಮಗ ಸೋಮೇಶ್ ರಜೆ ಹಾಕಿ ಓಡಿ ಬಂದ. ಚಾಮರಾಜನಗರದ ಆಸ್ಪತ್ರೆಗೆ ಕರೆದೊಯ್ದರು, ಅವರು ಮೈಸೂರಿಗೆ ಸ್ಕ್ಯಾನಿಗೆ ಕಳಿಸಿದರು, ಮತ್ತೆ ಚಾಮರಾಜನಗರಕ್ಕೇ ಬಂದರು. ಒಂದು ವಾರ ಇದೇ ಆಯಿತು. ಕೊನೆಗೆ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಬೆನ್ನುಮೂಳೆಯಲ್ಲಿ, ಸೊಂಟದಲ್ಲಿ, ಎರಡು ಪಕ್ಕೆಲುಬಿನಲ್ಲಿ ಕಪ್ಪು ಕಪ್ಪಾಗಿ ಕಾಣುತ್ತಿತ್ತು. ಪ್ರಾಸ್ಟೇಟ್ ಗ್ರಂಥಿಯಲ್ಲಿ ಶುರುವಾಗಿ ಮೂಳೆಗೆ ಹೋಗಿದೆ ಎಂದರು. ರಕ್ತದಲ್ಲಿ ನಾಲ್ಕರೊಳಗೆ ಇರಬೇಕಾದ ಆ ಗ್ರಂಥಿಯ ಅಂಶ ಮುನ್ನೂರು ದಾಟಿತ್ತು.

ಡಾಕ್ಟರು ಒಳ್ಳೆಯವರು, ಮಾತು ಮುಚ್ಚಿಡುವವರಲ್ಲ. ಪೂರ್ತಿ ವಾಸಿಯಾಗುವ ಹಂತ ಮುಗಿದಿದೆ, ಮೂರು ತಿಂಗಳಿಗೊಂದು ಇಂಜೆಕ್ಷನ್ ಕೊಟ್ಟು, ಮಾತ್ರೆ ಕೊಟ್ಟು ಹಿಡಿದು ನಿಲ್ಲಿಸಬಹುದು, ಎಷ್ಟು ದಿನ ಎಂದು ನಾನು ಹೇಳುವುದಿಲ್ಲ ಎಂದರು. ಸೋಮೇಶ್ ಅಳುತ್ತ ಹೊರಗೆ ಹೋದ. ಆಗ ಡಾಕ್ಟರು ರಾಜಶೇಖರನ ಕಡೆ ತಿರುಗಿ, ತಮಗೆ ತಾವೇ ಹೇಳಿಕೊಳ್ಳುವವರ ಹಾಗೆ ಒಂದು ಮಾತಾಡಿದರು.

"ಎರಡು ವರ್ಷದ ಹಿಂದೆ ಒಂದೇ ಒಂದು ಸಲ ಈ ರಕ್ತ ನೋಡಿದ್ದಿದ್ರೆ, ಗ್ರಂಥಿಯೊಳಗೇ ಸಿಕ್ಕಿಬಿಡ್ತಿತ್ತೇನೋ."

ರಾಜಶೇಖರನಿಗೆ ಏನೂ ಆಗಲಿಲ್ಲ. ಎದೆ ಹೊಡೆದುಕೊಳ್ಳಲಿಲ್ಲ, ಕಣ್ಣು ತುಂಬಲಿಲ್ಲ. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ತನ್ನದಲ್ಲ ಅನ್ನಿಸುತ್ತದಲ್ಲ, ಹಾಗೆ ಮೈಯೆಲ್ಲ ಜೋಮು ಹಿಡಿಯಿತು. ಸರಿ ಸಾರ್ ಎಂದ. ಎದ್ದು ಬಂದು ಔಷಧಿ ಅಂಗಡಿಯ ಸಾಲಿನಲ್ಲಿ ನಿಂತ.

ಸೋಮೇಶ್ ಕಣ್ಣೊರೆಸಿಕೊಂಡು ಅಲ್ಲಿಗೇ ಬಂದ. ಇಪ್ಪತ್ತೊಂಬತ್ತರ ಹುಡುಗ, ಚಿಕ್ಕಪ್ಪನ ಹೆಗಲ ಮೇಲೆ ಬೆಳೆದವನು. "ಚಿಕ್ಕಪ್ಪ, ತೆರಕಣಾಂಬಿಲಿ ಕ್ಯಾಂಪ್ ಆಗಿತ್ತಲ್ಲ, ನೀನು ಓಗಿದ್ದೆ. ಅಲ್ಲಿ ಈ ರಕ್ತ ನೋಡ್ನಿಲ್ವಾ?"

"ಬರೀ ಬಾಯಿ ನೋಡುದ್ರು ಕಣ್ಲಾ."

ಅದು ಸುಳ್ಳಲ್ಲ, ಅವನ ಬಾಯಿಯನ್ನಷ್ಟೇ ನೋಡಿದ್ದು ನಿಜ. ನಿಜವೂ ಅಲ್ಲ. ಸೋಮೇಶ್ ನಂಬಿದ.

ಆಮೇಲಿನ ದಿನಗಳು ಹೇಗೆ ಹೋದವೋ ರಾಜಶೇಖರನಿಗೆ ತಲೆಬುಡ ನೆನಪಿಲ್ಲ. ಬೆಳಗ್ಗೆ ಎದ್ದು ಆಟೋ ತೆಗೆಯುತ್ತಿದ್ದ, ಮಂಡಿಗೆ ಹೋಗುತ್ತಿದ್ದ. ಒಂದು ದಿನ ಬೀನ್ಸ್ ಮೂಟೆಗಳನ್ನು ತಮ್ಮ ಮಂಡಿ ಬಿಟ್ಟು ಪಕ್ಕದವರ ಮಂಡಿಯಲ್ಲಿ ಇಳಿಸಿ ಬಂದ. ಕೇರಳದ ವ್ಯಾಪಾರಿ ಮೂರು ಸಲ ಕೂಗಿದರೂ ತಿರುಗಲಿಲ್ಲ. ಹೆಂಡತಿ ನಾಗರತ್ನ ಇಟ್ಟ ಮುದ್ದೆಯನ್ನು ಸಾರು ಹಾಕುವ ಮೊದಲೇ ನುಂಗಿ ಕೈ ತೊಳೆದ. ಒಂದು ಸಾವಿಗೆ ಹೋದ, ಮಣ್ಣು ಹಾಕಿ ಬಂದ, ಸತ್ತವರು ಯಾರು ಎಂದು ನಾಗರತ್ನ ಕೇಳಿದರೆ ಹೆಸರು ಬಾಯಿಗೆ ಬರಲಿಲ್ಲ. ಅಣ್ಣನಿಗೆ ಹೀಗಾಯಿತಲ್ಲ ಎಂಬ ಸಂಕಟವೆಂದು ಅವಳು ತಿಳಿದುಕೊಂಡಳು. ಅದಿಷ್ಟೇ ಆಗಿದ್ದರೆ ಅವನು ಅತ್ತು ಹಗುರವಾಗುತ್ತಿದ್ದ.

ನೋಡಲು ಊರಿನವರು ಬಂದರು. ಹೇಗೆ ಬಂದರು ಕೇಳಿ, ಮನೆಗೊಬ್ಬರಂತೆ. ದಿನಾ ನಾಲ್ಕೈದು ಜನ, ಕಿತ್ತಳೆಹಣ್ಣು ಹಿಡಿದು ಜಗಲಿಯ ಮೇಲೆ ಕೂರುವರು, ಮೊದಲೇ ತೋರಿಸಬಾರದಿತ್ತೇ ಎನ್ನುವರು. ಅದನ್ನು ಕೇಳದೆ ಹೋದವನು ಒಬ್ಬನೂ ಇಲ್ಲ. ಪ್ರತಿ ಸಲವೂ ನೀಲಕಂಠಸ್ವಾಮಿ ಒಂದೇ ಉತ್ತರ ಕೊಡುವನು, ನಾನೇ ತಡಮಾಡಿಬಿಟ್ಟೆ, ನಂದೇ ತಪ್ಪು ಎಂದು. ಅತ್ತಿಗೆ ಗಂಗಾಂಬಿಕೆ ಬಾಗಿಲ ಬಳಿ ನಿಂತು, ನೀವು ಬಾಯಿ ಬಿಟ್ಟು ಹೇಳಿದ್ದಿದ್ದರೆ ಇಷ್ಟಾಗುತ್ತಿತ್ತೇ, ನನ್ನ ಹತ್ತಿರವೂ ಮುಚ್ಚಿಟ್ಟಿರಿ ಎಂದು ಬಂದವರೆದುರೇ ಗಂಡನನ್ನು ಬೈಯುವಳು. ಬೈದು ಒಳಗೆ ಹೋಗಿ ಅಳುವಳು. ಅಣ್ಣ ತಲೆ ತಗ್ಗಿಸಿ ಕೂರುವನು. ತಮ್ಮ ಕಂಬಕ್ಕೆ ಒರಗಿ ನಿಂತು ಎಲ್ಲವನ್ನೂ ಕೇಳುವನು. ತನ್ನ ಪಾಲಿನ ಬೈಗುಳವನ್ನು ಅಣ್ಣ ತಿನ್ನುತ್ತಿದ್ದಾನೆ, ಅದೂ ಮೂಳೆಯೆಲ್ಲ ಹುಳುಕು ಹಿಡಿಯುತ್ತಿರುವ ಹೊತ್ತಿನಲ್ಲಿ. ಅವನು ಈ ತಪ್ಪನ್ನು ತನ್ನದೆಂದೇ ತಿಳಿದು ಸಾಯಬಾರದು. ಹೇಳಬೇಕು. ದಿನಾ ಬೆಳಗ್ಗೆ ಹೇಳಬೇಕು ಎಂದುಕೊಂಡೇ ಏಳುತ್ತಿದ್ದ, ದಿನಾ ಹೇಳದೆ ಮಲಗುತ್ತಿದ್ದ.

ಎರಡನೆಯ ಇಂಜೆಕ್ಷನ್ನಿಗೆ ಹೋದಾಗ ಡಾಕ್ಟರು ಮನೆಯ ಗಂಡಸರ ವಿಷಯ ತೆಗೆದರು. ಅಣ್ಣನಿಗೋ ಅಪ್ಪನಿಗೋ ಬಂದಿದ್ದರೆ ಉಳಿದವರು ಐವತ್ತರ ತನಕ ಕಾಯಬಾರದು, ನಲವತ್ತೈದಕ್ಕೇ ರಕ್ತ ನೋಡಿಸಬೇಕು ಎಂದರು. ಸೋಮೇಶನಿಗೆ ಅದಕ್ಕಿನ್ನೂ ಕಾಲವಿದೆ, ಆದರೆ ಮೂವತ್ತಾಯಿತು ಎಂದರೆ ಬಾಯಿ ತೋರಿಸಲಿ, ನಲವತ್ತೈದರ ಮೇಲೆ ಕರುಳಿನ ಪರೀಕ್ಷೆಯೂ ಒಂದಿದೆ, ಹೊಟ್ಟೆ ಕಟ್ಟುವುದೋ ರಕ್ತ ಬೀಳುವುದೋ ಆದರೆ ವಯಸ್ಸನ್ನೂ ನೋಡಬೇಡಿ ಎಂದರು. ಆಮೇಲೆ ರಾಜಶೇಖರನಿಗೆ ಎಷ್ಟು ಎಂದು ಕೇಳಿದರು. ನಲವತ್ತಾರು. ಇವತ್ತೇ ಕೊಟ್ಟು ಹೋಗಿ ಎಂದು ಬರೆದುಕೊಟ್ಟರು.

ಅವನು ಅಂಗಿಯ ತೋಳು ಮಡಿಸಿ ಕೂತ. ಸೂಜಿ ಚುಚ್ಚಿದ್ದು ಗೊತ್ತಾಗಲಿಲ್ಲ. ಗಾಜಿನ ನಳಿಗೆಯಲ್ಲಿ ತುಂಬುತ್ತಿದ್ದ ರಕ್ತವನ್ನು ನೋಡುತ್ತ ಅವನ ಮನಸ್ಸಿನಲ್ಲಿ ಒಂದು ಆಸೆ ಹುಟ್ಟಿತು. ಬಾಯಲ್ಲಿ ಹೇಳುವಂಥದ್ದಲ್ಲ, ಆದರೂ ಹೇಳುತ್ತೇನೆ. ತನಗೂ ಇರಲಿ ಎಂದುಕೊಂಡ. ಇಬ್ಬರೂ ಒಂದೇ ದಿನ ಒಂದೇ ಆಟೋದಲ್ಲಿ ಇಂಜೆಕ್ಷನ್ನಿಗೆ ಬರುವ ಹಾಗಾಗಲಿ, ಆಗ ಹೇಳುವುದು ಏನೂ ಉಳಿಯುವುದಿಲ್ಲ. ಇಬ್ಬರು ಮಕ್ಕಳ ತಂದೆ ಹೀಗೆ ಯೋಚಿಸಬಹುದೇ? ಅವನು ಯೋಚಿಸಿದ.

ಮೂರು ದಿನದ ಮೇಲೆ ರಿಪೋರ್ಟು ಬಂತು. ಸೊನ್ನೆ ಪಾಯಿಂಟ್ ಎಂಟು. ಏನೂ ಇಲ್ಲ. ನಾಗರತ್ನ ಆ ಕಾಗದವನ್ನು ಕಣ್ಣಿಗೊತ್ತಿಕೊಂಡು ದೇವರ ಮುಂದೆ ಇಟ್ಟಳು. ಅಣ್ಣನಿಗೆ ಸುದ್ದಿ ಮುಟ್ಟಿಸಿದವಳೂ ಅವಳೇ. ಅವನು ಆ ಮೂರು ತಿಂಗಳಲ್ಲಿ ಮೊದಲ ಸಲ ಗಟ್ಟಿಯಾಗಿ ನಕ್ಕನಂತೆ, ಸದ್ಯ ಬದುಕಿಕೊಂಡ ನನ್ನ ಮಗ ಎಂದನಂತೆ, ಸಂಜೆಗೆ ಪಾಯಸ ಮಾಡಿಸಿದ. ರಾಜಶೇಖರ ಆ ಪಾಯಸವನ್ನು ಬಾಯಿಗಿಟ್ಟು ನುಂಗಲಾರದೆ ಹಿತ್ತಿಲಿಗೆ ಹೋಗಿ ಉಗುಳಿ ಬಂದ. ಇನ್ನು ತಡೆಯಲು ಆಗುವುದಿಲ್ಲ ಎಂದು ಅವನಿಗೆ ಆಗ ಗೊತ್ತಾಯಿತು.

ಮಾರನೆಯ ಬೆಳಗ್ಗೆ ಅಣ್ಣ ಕಣದ ಶೆಡ್ಡಿನಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತು ಸಣ್ಣ ಈರುಳ್ಳಿ ಹಸನು ಮಾಡುತ್ತಿದ್ದ. ಹೊಲದ ಕೆಲಸ ನಿಂತ ಮೇಲೆ ಇದೊಂದು ಹಿಡಿದುಕೊಂಡಿದ್ದ, ಬೇರು ಕೊಯ್ಯುವುದು, ಬಾಲ ಕತ್ತರಿಸುವುದು, ಬಿದಿರಿನ ಮಂಕರಿಗೆ ಹಾಕುವುದು. ರಾಜಶೇಖರ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ತಾನೂ ಒಂದು ಕುಡುಗೋಲು ತೆಗೆದುಕೊಂಡ. ಸ್ವಲ್ಪ ಹೊತ್ತು ಇಬ್ಬರೂ ಕೊಯ್ದರು. ಆಮೇಲೆ ತಲೆಯೆತ್ತದೆ ಹೇಳತೊಡಗಿದ. ನರ್ಸು ಏನು ಕೇಳಿದಳು, ತಾನು ಏನೆಂದೆ, ಜನ ಹೇಗೆ ನಕ್ಕರು, ನಾಳೆ ಸಂಜೆಯೊಳಗೆ ಕರೆದುಕೊಂಡು ಬನ್ನಿ ಎಂದು ಅವಳು ಸ್ಪಷ್ಟವಾಗಿ ಹೇಳಿದ್ದಳು, ತಾನು ಬಂದು ಏನೂ ಇಲ್ಲ ಎಂದೆ, ಸೋಮೇಶನ ಹತ್ತಿರವೂ ಮುಚ್ಚಿದೆ. ಒಂದನ್ನೂ ಬಿಡಲಿಲ್ಲ. ದನಿ ಒಂದೇ ಸಮನಾಗಿತ್ತು, ಸಭೆಯಲ್ಲಿ ನಡೆದದ್ದನ್ನು ಮನೆಯಲ್ಲಿ ಒಪ್ಪಿಸುವಾಗ ಇರುತ್ತಿದ್ದ ಹಾಗೆಯೇ. ಮುಗಿದ ಮೇಲೆ ಹೊಡೆತಕ್ಕೆ ಕಾದವನಂತೆ ಕೂತ. ಹೊಡೆದರೆ ಸಾಕಿತ್ತು.

ನೀಲಕಂಠಸ್ವಾಮಿ ಕೈಯಲ್ಲಿದ್ದ ಈರುಳ್ಳಿಯ ಬೇರು ಕೊಯ್ದು ಮುಗಿಸಿ ಮಂಕರಿಗೆ ಹಾಕಿದ. ಇನ್ನೊಂದನ್ನು ತೆಗೆದುಕೊಳ್ಳಲಿಲ್ಲ.

"ನೀ ಯೋಳಿದ್ರೂ ನಾ ಓಗ್ತಿರ್ನಿಲ್ಲ ಬುಡ್ಲಾ," ಎಂದ.

ರಾಜಶೇಖರ ಆಗ ತಲೆಯೆತ್ತಿದ. "ನೀನು ಓಗ್ತಿದ್ದೆ ಅಣ್ಣ."

ಅಣ್ಣ ಕುಡುಗೋಲನ್ನು ನೆಲಕ್ಕಿಟ್ಟ. ರಸ್ತೆಯಲ್ಲೊಂದು ಬಸ್ಸು ಹಾರ್ನ್ ಹಾಕಿಕೊಂಡು ತೆರಕಣಾಂಬಿಯ ಕಡೆ ಹೋಯಿತು.

"ಊಂ," ಎಂದ ಕೊನೆಗೆ. "ನಾನು ಓಗ್ತಿದ್ದೆ."

ಜೋಮು ಬಿಡುವಾಗಲೇ ನೋವು. ರಾಜಶೇಖರ ಚಿಕ್ಕ ಮಗುವಿನ ಹಾಗೆ ಮೂಗು ಬಾಯಿಯಲ್ಲೆಲ್ಲ ನೀರು ಸುರಿಸಿಕೊಂಡು ಅತ್ತ. ಅಣ್ಣ ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಅಳು ಒಂದು ಹದಕ್ಕೆ ಬರುವ ತನಕ ಕಾದು, ಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ.

"ಸೋಮೇಶಂಗೆ ನಾನೇ ಯೋಳ್ತೀನಿ. ನಿಮ್ಮತ್ಗೆ ಕಿವಿಗೆ ಮಾತ್ರ ಬೀಳ್ಕೂಡ್ದು ಕಣ್ಲಾ. ನಾನಿರೋಗಂಟಲೂ ಬ್ಯಾಡ, ನಾ ಓದ್ಮೇಲೂ ಬ್ಯಾಡ. ನಾನಾದ್ರೆ ಹೊಟ್ಟೆಗೆ ಹಾಕ್ಕತ್ತೀನಿ, ಅವ್ಳ ಕೈಲಿ ಆಗಾಕಿಲ್ಲ. ಆಮ್ಯಾಕೆ ನಿಂಗೆ ಈ ಮನೇಲಿ ಅನ್ನ ಇಕ್ಕೋರು ಇರಾಕಿಲ್ಲ."

ಅಷ್ಟು ಹೇಳಿ, ಏಳಬೇಕು ಎಂದು ಕೈ ಚಾಚಿದ. ರಾಜಶೇಖರ ಮುಖ ಒರೆಸಿಕೊಂಡು ಅಣ್ಣನ ಕಂಕುಳಿಗೆ ಕೈ ಕೊಟ್ಟು, ಸೊಂಟಕ್ಕೆ ನೋವಾಗದ ಹಾಗೆ ಮೆಲ್ಲಗೆ ಎಬ್ಬಿಸಿ ನಿಲ್ಲಿಸಿದ.